ಆನಂದ ಎಂಬ ಬೀಗದಕೈ



ಗುಬ್ಬಿ, ಕುಣಿಗಲ್‌ನಿಂದ ಮಕ್ಕಳನ್ನು ಓದಲು ತುಮಕೂರಿಗೆ ಕಳಿಸಿ ರೂಮು ಮಾಡಿಕೊಟ್ಟಿರುವ ತಾಯಂದಿರು ನಮ್ಮಲ್ಲಿ ಎಷ್ಟೋ ಮಂದಿ. ಮಗ ಗಾಂಜಾ ಸೇದುತ್ತಾನೆಂದು ಗೊತ್ತಾದರೆ, "ಬೆಳೆಸಿದ್ದೇ ಸರಿಯಿಲ್ಲ" ಎಂಬ ಮಾತು ತಾಯಿಗೆ, "ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಬಿಡಬಹುದಪ್ಪ" ಎಂಬ ಬುದ್ಧಿಮಾತು ಮಗನಿಗೆ. ಆದರೆ ಇದು ಬರೀ ಮನಸ್ಸಿನ ವಿಷಯವಲ್ಲ ಕಣ್ರೀ, ಮಿದುಳಿನದೂ ಹೌದು.

1992ರಲ್ಲಿ ಜೆರುಸಲೇಮಿನಲ್ಲಿ ರಾಫೆಲ್ ಮೆಕೂಲಮ್ ಎಂಬ ವಿಜ್ಞಾನಿಯ ತಂಡ, ಮಿದುಳು ತಾನೇ ತಯಾರಿಸಿಕೊಳ್ಳುವ ಒಂದು ವಸ್ತುವನ್ನು ಕಂಡುಹಿಡಿದು 'ಆನಂದಮೈಡ್' ಎಂದು ಹೆಸರಿಟ್ಟಿತು. ಹೌದು, ಸಂಸ್ಕೃತದ 'ಆನಂದ'ವೇ! ನಾವು ಒಗ್ಗರಣೆ ಹಾಕಿಕೊಳ್ಳುವಂತೆ ಮಿದುಳು ಇದನ್ನು ಬೇಕಾದಾಗ ಬೇಕಾದಷ್ಟೇ ಮಾಡಿಕೊಳ್ಳುತ್ತದೆ, ಕೂಡಿಡುವುದಿಲ್ಲ. ಹಸಿವು, ನೋವು, ಸಂತೋಷ ಇವನ್ನು ಹದದಲ್ಲಿಡುವುದರಲ್ಲಿ ಇದರ ಪಾಲಿದೆ.

ಮಿದುಳಿನಲ್ಲಿ ಇದಕ್ಕೆ ಹೊಂದುವ ಬೀಗಗಳಿವೆ ಎಂದುಕೊಳ್ಳಿ. ಗಾಂಜಾದಲ್ಲಿರುವ ಟಿ.ಎಚ್.ಸಿ. ಅದೇ ಬೀಗಕ್ಕೆ ಕೂರುವ ಕಳ್ಳ ಬೀಗದಕೈ. ಆನಂದಮೈಡ್ ಬೇಗ ಕರಗಿಹೋಗುತ್ತದೆ, ಇದು ಹೋಗದು. 'ಚೆನ್ನಾಗಿದೆ, ಇನ್ನೊಮ್ಮೆ ಬೇಕು' ಎನ್ನಿಸುವ ಡೋಪಮೈನ್ ಉಕ್ಕುತ್ತದೆ. ದಿನವೂ ಹೀಗಾದರೆ ಮಿದುಳು ಬೀಗಗಳನ್ನೇ ಕಡಿಮೆ ಮಾಡಿಬಿಡುತ್ತದೆ. ಉಪ್ಪು ಜಾಸ್ತಿ ತಿಂದ ನಾಲಿಗೆಗೆ ಹದವಾದ ಸಾರೂ ಸಪ್ಪೆ ಎನಿಸುವುದಿಲ್ಲವೇ? ಹಾಗೆಯೇ ಆ ಹುಡುಗನಿಗೆ ಆಟ, ಹರಟೆ, ಹಬ್ಬ ಎಲ್ಲವೂ ಸಪ್ಪೆ.

ಸಮಾಧಾನದ ಮಾತೂ ಇದೆ. ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಿನವೂ ಗಾಂಜಾ ಸೇದುತ್ತಿದ್ದ 30 ಜನರ ಮಿದುಳಿನ ಚಿತ್ರ ತೆಗೆದರು. ಬೀಗಗಳು ಕಡಿಮೆಯಾಗಿದ್ದವು. ಅವರಲ್ಲಿ ಸುಮಾರು 4 ವಾರ ಸೇದದೆ ಇದ್ದವರನ್ನು ಮತ್ತೆ ನೋಡಿದಾಗ ಬಹುಮಟ್ಟಿಗೆ ಸರಿಹೋಗಿದ್ದವು.

ಆ ನಾಲ್ಕು ವಾರವೇ ಕಷ್ಟ. ಸಿಡುಕು, ನಿದ್ದೆ ಬಾರದಿರುವುದು, ಊಟ ಸೇರದಿರುವುದು ಎಲ್ಲ ಆಗುತ್ತದೆ. ಅದನ್ನು ಸೊಕ್ಕು ಎಂದುಕೊಂಡು ಬಯ್ಯಬೇಡಿ. ಯಾರೋ ಹೇಳಿದರೆಂದು ಗುಟ್ಟಾಗಿ ಕಾಫಿಗೆ ಪುಡಿ ಬೆರೆಸಬೇಡಿ. ಎಳನೀರೋ ಗಂಜಿಯೋ, ಸೇರಿದ್ದನ್ನು ಸ್ವಲ್ಪ ಸ್ವಲ್ಪವೇ ಕೊಡಿ. ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ. ಹೋಗಲು ಸಂಕೋಚವಾದರೆ ಮೊದಲು ಸರ್ಕಾರದ ಟೆಲಿ ಮಾನಸ್, 14416ಕ್ಕೆ ಫೋನು ಮಾಡಿ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇಲ್ಲದ ದನಿ ಕೇಳಿಸುತ್ತದೆ, ಯಾರೋ ಹಿಂದೆ ಬರುತ್ತಿದ್ದಾರೆ ಎಂದು ಮಗ ಹೇಳಿದರೆ ಮಾತ್ರ ಒಂದು ದಿನವೂ ತಡಮಾಡದೆ ಕರೆದುಕೊಂಡು ಹೋಗಿ.