ಉತ್ತರಿಸದವರ ಲೆಕ್ಕ

ಅಂತರ್ಜಾಲ ಸಮೀಕ್ಷೆಗೆ ಎಷ್ಟು ಮಂದಿ ಉತ್ತರಿಸಿದರು ಎಂಬುದಕ್ಕಿಂತ ಯಾರು ಉತ್ತರಿಸಲಿಲ್ಲ ಎಂಬುದು ಮುಖ್ಯವಾದ ಪ್ರಶ್ನೆ. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಅಂಚೆಯಲ್ಲಿ 20 ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಪಡೆದೂ ಅಧ್ಯಕ್ಷೀಯ ಚುನಾವಣೆಯಲ್ಲಿ ರೂಸ್‌ವೆಲ್ಟ್ ಸೋಲುತ್ತಾರೆಂದು ಹೇಳಿ ಎಡವಿತು. ಉತ್ತರಿಸದೆ ಉಳಿದವರ ಒಲವು ಉತ್ತರಿಸಿದವರ ಒಲವಿಗಿಂತ ಬೇರೆಯಾಗಿದ್ದುದು ಅದಕ್ಕೊಂದು ಕಾರಣ. ಹೀಗೆ ಉತ್ತರ ಬಾರದಿರುವುದರಿಂದಲೇ ಫಲಿತಾಂಶ ಒಂದು ಕಡೆಗೆ ವಾಲುವುದನ್ನು ಅನುತ್ತರ ದೋಷವೆನ್ನಬಹುದು.

ಸೂರತ್ ನಗರದ ಉಧ್ನಾದಲ್ಲಿ ಈ ದೋಷ ಎಷ್ಟು ಆಳವಾಗಬಲ್ಲದೆಂಬುದು ತಿಳಿಯುತ್ತದೆ. ಒಡಿಶಾದ ಗಂಜಾಂ, ಉತ್ತರ ಪ್ರದೇಶ, ಬಿಹಾರ ಮತ್ತು ಮಹಾರಾಷ್ಟ್ರದ ಖಾನ್‌ದೇಶಗಳಿಂದ ಬಂದವರು ಇಲ್ಲಿನ ವಿದ್ಯುತ್ ಮಗ್ಗಗಳಲ್ಲಿ ಹನ್ನೆರಡು ಗಂಟೆಗಳ ಪಾಳಿಯಲ್ಲಿ ದುಡಿಯುತ್ತಾರೆ. ಹಗಲು ಪಾಳಿಯವರು ತೆರವು ಮಾಡಿದ ಕೋಣೆಯಲ್ಲೇ ರಾತ್ರಿ ಪಾಳಿಯವರು ಮಲಗುವುದೂ ಉಂಟು. ಇಂಥವರ ಕೈಯಲ್ಲಿ ಮೊಬೈಲ್ ಇದ್ದರೂ ಅಪರಿಚಿತ ಲಿಂಕ್ ಒತ್ತಲು ಅವರು ಹಿಂಜರಿದರೆ ಅದನ್ನು ಅಜ್ಞಾನವೆನ್ನಲಾಗದು, ಏಕೆಂದರೆ ಅಂಥ ಲಿಂಕ್ ಒತ್ತಬೇಡಿರೆಂದು ಬ್ಯಾಂಕುಗಳೇ ಎಚ್ಚರಿಸುತ್ತಿರುತ್ತವೆ. ಮಹಿಳೆಯರ ಸ್ಥಿತಿ ಇನ್ನೂ ಭಿನ್ನ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಎಂದಾದರೂ ಅಂತರ್ಜಾಲ ಬಳಸಿದ ಮಹಿಳೆಯರು ಶೇ 33, ಪುರುಷರು ಶೇ 57.

ಆದುದರಿಂದ ಅಂತರ್ಜಾಲ ಸಮೀಕ್ಷೆಯೂ ಮನೆಬಾಗಿಲಿನಿಂದಲೇ ಆರಂಭವಾಗಬೇಕು. ಗುರುತುಚೀಟಿ ಧರಿಸಿದ ಕಾರ್ಯಕರ್ತರು ಮೊದಲು ಬಂದು ಉದ್ದೇಶ ತಿಳಿಸಿ, ಖಚಿತಪಡಿಸಿಕೊಳ್ಳಲು ದೂರವಾಣಿ ಸಂಖ್ಯೆಯೊಂದನ್ನು ಕೊಟ್ಟ ಮೇಲೆ ಲಿಂಕ್ ಬಂದರೆ ಅದನ್ನು ನಂಬಲು ಆಧಾರವಿರುತ್ತದೆ. ಪ್ರಶ್ನೆಗಳು ಗುಜರಾತಿಯಲ್ಲಷ್ಟೇ ಅಲ್ಲದೆ ಒಡಿಯಾ, ಹಿಂದಿ, ಮರಾಠಿಗಳಲ್ಲಿ ಧ್ವನಿಯಾಗಿಯೂ ಕೇಳಿಸಬೇಕು. ಅರ್ಧಕ್ಕೆ ಬಿಟ್ಟು ಪಾಳಿ ಮುಗಿದ ಮೇಲೆ ಮುಂದುವರಿಸಲು ಬರಬೇಕು. ಸಂಬಳ, ಆಧಾರ್, ವಿಳಾಸಗಳನ್ನು ಅಗತ್ಯವಿಲ್ಲದೆ ಕೇಳಲೇಬಾರದು, ಏಕೆಂದರೆ ಬಾಡಿಗೆ ಕೋಣೆಯ ವಲಸಿಗನಿಗೆ ಅಂಥ ಪ್ರಶ್ನೆ ತನಿಖೆಯಂತೆ ತೋರುತ್ತದೆ.

ಬಂದ ಉತ್ತರಗಳಿಗೆ ಜನಸಂಖ್ಯೆಯ ಪ್ರಮಾಣಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಬೆಲೆ ಕಟ್ಟುವ ತೂಕೀಕರಣದಿಂದ ಕೊರತೆ ತುಂಬಬಹುದೆಂಬ ವಾದವಿದೆ. ಆದರೆ ಉತ್ತರಿಸಿದ ನೇಕಾರರೆಲ್ಲ ಮೊಬೈಲ್ ಬಳಕೆಯಲ್ಲಿ ನುರಿತವರೇ ಆಗಿದ್ದರೆ, ಅವರ ಮಾತನ್ನೇ ಹತ್ತು ಪಟ್ಟು ಮಾಡುವುದರಿಂದ ಹಿಂಜರಿದ ನೇಕಾರನ ಮಾತು ಕೇಳಿಸುವುದಿಲ್ಲ. ನೆದರ್‌ಲೆಂಡ್ಸ್‌ನಲ್ಲಿ 2007ರಲ್ಲಿ ಆರಂಭವಾದ ‘ಲಿಸ್’ ಸಮೀಕ್ಷಾ ಬಳಗವು ಜನಸಂಖ್ಯಾ ನೋಂದಣಿಯಿಂದ ಕುಟುಂಬಗಳನ್ನು ಯಾದೃಚ್ಛಿಕವಾಗಿ ಆರಿಸಿ, ಇಲ್ಲದವರಿಗೆ ಕಂಪ್ಯೂಟರನ್ನೂ ಅಂತರ್ಜಾಲ ಸಂಪರ್ಕವನ್ನೂ ತಾನೇ ಒದಗಿಸಿತು. ವೆಚ್ಚ ಹೆಚ್ಚಾದರೂ ಸರಿಯಾದ ದಾರಿ ಅದು. 2027ರ ಭಾರತದ ಜನಗಣತಿಯಲ್ಲಿ ಸ್ವಯಂ ಗಣತಿಗೆ ಜಾಲತಾಣದ ಅವಕಾಶವಿದ್ದರೂ ಗಣತಿದಾರರ ಮನೆಭೇಟಿಯನ್ನು ಉಳಿಸಿಕೊಂಡದ್ದು ಇದೇ ಕಾರಣಕ್ಕೆ ಸ್ವಾಗತಾರ್ಹ. ಉಧ್ನಾದಲ್ಲಿ ಮಾತ್ರ ಒಂದೇ ಕೋಣೆಗೆ ಎರಡೂ ಪಾಳಿಗಳ ಹೊತ್ತಿನಲ್ಲಿ ಎರಡು ಬಾರಿ ಹೋಗಬೇಕಾಗುತ್ತದೆ.