ಸುದ್ದಿಗೂ ಸನದ್ ಬೇಕು

ಹದೀಸ್ ವಿಜ್ಞಾನವನ್ನು ಅಭ್ಯಸಿಸುವ ವಿದ್ಯಾರ್ಥಿಗೆ ಆರಂಭದಲ್ಲೇ ಕಲಿಸುವ ಎರಡು ಪದಗಳಿವೆ: ಸನದ್ ಮತ್ತು ಮತ್ನ್. ವರದಿಯಾದ ಮಾತು ಮತ್ನ್. ಆ ಮಾತು ಯಾರಿಂದ ಯಾರಿಗೆ ದಾಟಿ ಬಂದಿತೆಂಬ ವರದಿಗಾರರ ಸರಪಣಿ ಸನದ್. ಮಾತು ಎಷ್ಟೇ ಸುಂದರವಾಗಿದ್ದರೂ ಸರಪಣಿಯ ಒಂದು ಕೊಂಡಿ ಕಳಚಿದ್ದರೆ ವಿದ್ವಾಂಸರು ಅದನ್ನು ದುರ್ಬಲವೆಂದು ಬದಿಗಿರಿಸಿದರು. ವರದಿಗಾರರ ಜೀವನ, ಪ್ರಾಮಾಣಿಕತೆ, ಸ್ಮರಣಶಕ್ತಿಗಳನ್ನು ಶೋಧಿಸಲೆಂದೇ ಒಂದು ಪ್ರತ್ಯೇಕ ಶಾಸ್ತ್ರ ಬೆಳೆಯಿತು. ಇಮಾಮ್ ಬುಖಾರಿಯವರು (ರ) ಹದೀಸ್‌ಗಳನ್ನು ಅರಸುತ್ತಾ ಹಿಜಾಝ್, ಇರಾಕ್, ಸಿರಿಯಾ, ಈಜಿಪ್ಟ್‌ಗಳನ್ನು ಸುತ್ತಿದ್ದರ ಹಿಂದಿದ್ದುದು ಮೂಲದಿಂದಲೇ ಕೇಳಬೇಕೆಂಬ ಇದೇ ನಿಷ್ಠೆ.

ಇಂದು ನಮ್ಮ ಮೊಹಲ್ಲಾಗಳಲ್ಲಿ ಸುದ್ದಿ ಹರಡುವ ರೀತಿ ಈ ಪರಂಪರೆಗೆ ತಕ್ಕುದಲ್ಲ. ಮೊಬೈಲಿಗೆ ಬರುವ ಸಂದೇಶದಲ್ಲಿ ಕಳುಹಿಸಿದವರ ಹೆಸರಿರುತ್ತದೆ, ಬರೆದವರ ಹೆಸರಿರುವುದಿಲ್ಲ. ನಮಗೆ ತಲುಪಿದ ಗಳಿಗೆ ಕಾಣುತ್ತದೆ, ಬರೆದ ದಿನಾಂಕ ಕಾಣುವುದಿಲ್ಲ. ಹೋದ ವರ್ಷದ ಚಂದ್ರದರ್ಶನದ ಪ್ರಕಟಣೆ ಈ ವರ್ಷದ ಶಅಬಾನ್ 29ರ ಸಂಜೆ ಮರಳಿ ಸುತ್ತಿದರೆ ಅದು ಹಳೆಯದೆಂದು ತಿಳಿಯುವುದು ಹೇಗೆ? ಮತ್ನ್ ಇದೆ, ಸನದ್ ಇಲ್ಲ.

ಇದು ಬರಿಯ ಗೊಂದಲಕ್ಕೆ ಮುಗಿಯುವ ವಿಷಯವಲ್ಲ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವಕನನ್ನು ಹೊಡೆದು ಕೊಂದಿತು. ಅಂತಹ ಸರಣಿ ಹತ್ಯೆಗಳ ಬಳಿಕವೇ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ಮಿತಿ ಹೇರಲಾಯಿತು. ನಂಬಲರ್ಹನಲ್ಲದವನು ವಾರ್ತೆ ತಂದರೆ ಪರಿಶೀಲಿಸಬೇಕೆಂದೂ, ಇಲ್ಲದಿದ್ದರೆ ಅರಿಯದೆ ಒಂದು ಜನರಿಗೆ ಹಾನಿಯೆಸಗಿ ಪಶ್ಚಾತ್ತಾಪ ಪಡಬೇಕಾದೀತೆಂದೂ ಪವಿತ್ರ ಕುರ್‌ಆನಿನ ಸೂರಃ ಅಲ್ ಹುಜುರಾತ್‌ನ 6ನೇ ವಚನ ಎಚ್ಚರಿಸುತ್ತದೆ. ಮುರ್ಕಿಯ ಘಟನೆ ಆ ಎಚ್ಚರಿಕೆಯನ್ನು ಮರೆತ ಸಮಾಜದ ಚಿತ್ರಣವಾಗಿದೆ.

ಹಾಗಾದರೆ ಮೂಲ ಮತ್ತು ದಿನಾಂಕಗಳೊಡನೆ ಸುದ್ದಿ ನಮ್ಮ ಬಳಿಗೇ ಬರುವ ದಾರಿ ಇಲ್ಲವೇ? ಇದೆ. ಕಾಲು ಶತಮಾನದಿಂದ ಇದೆ. ಅದರ ಹೆಸರು ಫೀಡ್.

ಫೀಡ್ ಎಂದರೆ ಜಾಲತಾಣವೊಂದು ತನ್ನ ಹೊಸ ಬರಹಗಳ ವಿವರವನ್ನು ನಿಗದಿತ ರೂಪದಲ್ಲಿ ಬರೆದಿಡುವ ಒಂದು ಕಡತ. ಪ್ರತಿ ಬರಹದ ಶೀರ್ಷಿಕೆ, ಕೊಂಡಿ, ಪ್ರಕಟವಾದ ದಿನಾಂಕ, ಸಾರಾಂಶ ಅಥವಾ ಪೂರ್ಣ ಪಾಠ ಸಾಮಾನ್ಯವಾಗಿ ಅದರಲ್ಲಿರುತ್ತವೆ. ಓದುಗನು ತನ್ನ ಫೋನಿನಲ್ಲಿ ಅಥವಾ ಕಂಪ್ಯೂಟರಿನಲ್ಲಿ ಫೀಡ್ ರೀಡರ್ ಎಂಬ ತಂತ್ರಾಂಶವನ್ನು ಇರಿಸಿಕೊಂಡು, ತನಗೆ ಬೇಕಾದ ತಾಣಗಳ ವಿಳಾಸಗಳನ್ನು ಅದಕ್ಕೆ ಕೊಡುತ್ತಾನೆ. ಅದು ಆಗಾಗ ಆ ತಾಣಗಳಿಗೆ ಹೋಗಿ ‘ಹೊಸತೇನಾದರೂ ಇದೆಯೇ?’ ಎಂದು ಕೇಳುತ್ತದೆ. ಇದ್ದರೆ ತರುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ಹತ್ತು ತಾಣಗಳ ಬಾಗಿಲು ತಟ್ಟುವ ಶ್ರಮ ನಮಗಿಲ್ಲ. ಓದುವುದಕ್ಕಾಗಿ ಆ ತಾಣಗಳಿಗೆ ನಮ್ಮ ಫೋನ್ ಸಂಖ್ಯೆಯನ್ನಾಗಲಿ ಇಮೇಲ್ ವಿಳಾಸವನ್ನಾಗಲಿ ಕೊಡಬೇಕಾಗಿಯೂ ಇಲ್ಲ.

ಈ ವ್ಯವಸ್ಥೆಯ ಮೊದಲ ರೂಪ ಹೊರಬಂದದ್ದು 1999ರ ಮಾರ್ಚ್‌ನಲ್ಲಿ, ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯಿಂದ. ಅದನ್ನು ರೂಪಿಸಿದವರಲ್ಲಿ ಮದ್ರಾಸಿನ ಐಐಟಿಯಲ್ಲಿ ಓದಿದ ಆರ್.ವಿ. ಗುಹಾ ಒಬ್ಬರು. ಮರುವರ್ಷ ಅದರ ಇನ್ನೊಂದು ಆವೃತ್ತಿಯನ್ನು ಸಿದ್ಧಪಡಿಸಿದವರ ಗುಂಪಿನಲ್ಲಿ ಆರನ್ ಸ್ವಾರ್ಟ್ಜ್ ಎಂಬ 14 ವರ್ಷದ ಬಾಲಕನಿದ್ದ. ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವ ಆರ್‌ಎಸ್‌ಎಸ್ 2.0 ಬಂದದ್ದು 2002ರಲ್ಲಿ. 2013ರ ಜುಲೈ 1ರಂದು ಗೂಗಲ್ ತನ್ನ ಜನಪ್ರಿಯ ರೀಡರನ್ನು ಮುಚ್ಚಿದಾಗ ಫೀಡ್‌ಗಳ ಕಾಲ ಮುಗಿಯಿತೆಂದು ಹಲವರು ಭಾವಿಸಿದರು. ಆದರೆ ಫೀಡ್ ಯಾವ ಒಂದು ಕಂಪೆನಿಯ ಸೊತ್ತೂ ಆಗಿರಲಿಲ್ಲ. ಒಂದು ರೀಡರ್ ಮುಚ್ಚಿದರೆ ಓದುಗರು ತಮ್ಮ ತಾಣಗಳ ಪಟ್ಟಿಯನ್ನು ಎತ್ತಿಕೊಂಡು ಇನ್ನೊಂದಕ್ಕೆ ಹೋದರು. ಇಂದು ನಮ್ಮ ಯುವಕರು ಪ್ರಯಾಣದಲ್ಲಿ ಕೇಳುವ ಪಾಡ್‌ಕಾಸ್ಟ್‌ಗಳ ಪ್ರವಚನಗಳೂ ಬಹುಪಾಲು ಇದೇ ಫೀಡ್‌ನ ಮೂಲಕ ಅವರನ್ನು ತಲುಪುತ್ತಿವೆ.

ಸಾಮಾಜಿಕ ಜಾಲತಾಣಗಳೂ ನಮ್ಮ ಬಳಿಗೆ ಸುದ್ದಿ ತರುತ್ತವಲ್ಲ ಎಂದು ಕೆಲವರು ಕೇಳಬಹುದು. ನಿಜ. ಆದರೆ ಅಲ್ಲಿ ಯಾವುದು ಮೇಲೆ ಬರಬೇಕು, ಯಾವುದು ಮರೆಯಾಗಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಕಂಪೆನಿಯ ಲೆಕ್ಕಾಚಾರ. ನಾವು ಹೆಚ್ಚು ಹೊತ್ತು ಅಲ್ಲೇ ಇರಬೇಕೆಂಬುದು ಆ ಲೆಕ್ಕಾಚಾರದ ಗುರಿ. ಕೋಪ ಮತ್ತು ಭಯ ಮನುಷ್ಯನನ್ನು ಬೇಗನೆ ಹಿಡಿದಿಡುವುದರಿಂದ ಕೋಪ ಹುಟ್ಟಿಸುವ ಮಾತು ಮೇಲೇರಲು ಅಲ್ಲಿ ಅವಕಾಶ ಹೆಚ್ಚು. ಫೀಡ್‌ನಲ್ಲಾದರೋ ಆಯ್ಕೆ ಓದುಗನದು, ಕ್ರಮ ಕಾಲಾನುಕ್ರಮ. ಓದಬೇಕಾದುದು ಮುಗಿದರೆ ಅದು ಮುಗಿಯುತ್ತದೆ. ಸಮಯವು ಅಲ್ಲಾಹನ ಅಮಾನತ್ತು ಎಂದು ನಂಬುವವರಿಗೆ, ಓದು ಒಂದೆಡೆ ಮುಗಿಯುತ್ತದೆ ಎಂಬುದು ಸಣ್ಣ ಅನುಗ್ರಹವೇನಲ್ಲ. ಇಶಾ ನಮಾಝಿನ ಬಳಿಕ ಅರ್ಧ ಗಂಟೆ ಓದಿ ಫೋನ್ ಕೆಳಗಿಡಲು ಅದು ಬಿಡುತ್ತದೆ.

ಆದರೂ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಫೀಡ್ ಸತ್ಯದ ಖಾತರಿಯಲ್ಲ. ಸುಳ್ಳು ಬರೆಯುವವನಿಗೂ ಫೀಡ್ ಇರಬಹುದು. ಸನದ್ ಇದ್ದ ಮಾತ್ರಕ್ಕೆ ಹದೀಸ್ ಸಹೀಹ್ ಆಗುವುದಿಲ್ಲ. ಸನದ್ ಇರುವುದರಿಂದ ಪರಿಶೀಲನೆ ಸಾಧ್ಯವಾಗುತ್ತದೆ, ಅಷ್ಟೆ. ಫೀಡ್ ಮಾಡುವ ಉಪಕಾರವೂ ಅದೇ. ಇದನ್ನು ಪ್ರಕಟಿಸಿದ್ದು ಯಾವ ತಾಣ, ಯಾವಾಗ, ಮೂಲ ಪಾಠ ಎಲ್ಲಿದೆ ಎಂಬುದನ್ನು ಅದು ಕಣ್ಣ ಮುಂದಿಡುತ್ತದೆ. ತೂಗಿ ನೋಡುವ ಹೊಣೆ ಓದುಗನದೇ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದು ಸುಳ್ಳಿನ ಒಂದು ಬಗೆ ಎಂಬ ಪ್ರವಾದಿ(ಸ)ಯವರ ಬೋಧನೆ ಫೀಡ್ ಓದುವವನಿಗೂ ಅಷ್ಟೇ ಅನ್ವಯಿಸುತ್ತದೆ.

ಆದುದರಿಂದ ನಮ್ಮ ಮಸೀದಿ, ಮದ್ರಸ, ಜಮಾಅತ್ ಸಮಿತಿಗಳಲ್ಲಿ ನಮ್ಮದೊಂದು ವಿನಂತಿ. ರಮಝಾನಿನ ಪ್ರಕಟಣೆ, ವಿದ್ಯಾರ್ಥಿವೇತನದ ಕೊನೆಯ ದಿನಾಂಕ, ಝಕಾತ್ ನಿಧಿಯ ಲೆಕ್ಕ ಮುಂತಾದವನ್ನು ಕೇವಲ ಗುಂಪು ಸಂದೇಶಗಳಿಗೆ ಒಪ್ಪಿಸದೆ, ಸಂಸ್ಥೆಯ ಸ್ವಂತ ಜಾಲತಾಣದಲ್ಲಿ ದಿನಾಂಕದೊಡನೆ ಪ್ರಕಟಿಸಲಿ. ವರ್ಡ್‌ಪ್ರೆಸ್, ಬ್ಲಾಗರ್‌ಗಳಂತಹ ವ್ಯವಸ್ಥೆಗಳಲ್ಲಿ ತಾಣ ಕಟ್ಟಿದರೆ ಫೀಡ್ ತಾನಾಗಿಯೇ ಸಿದ್ಧವಾಗುತ್ತದೆ, ಪ್ರತ್ಯೇಕ ಖರ್ಚಿಲ್ಲ. ಅಧ್ಯಾಪಕರು ಹಿರಿಯ ವಿದ್ಯಾರ್ಥಿಗಳಿಗೆ ಫೀಡ್ ರೀಡರಿನ ಬಳಕೆಯನ್ನು ಒಂದು ತರಗತಿಯಲ್ಲಿ ಕಲಿಸಬಹುದು. ಪ್ರತಿಯೊಬ್ಬರೂ ಹತ್ತು ಹನ್ನೆರಡು ನಂಬಲರ್ಹ ಮೂಲಗಳನ್ನು ಆರಿಸಿಕೊಳ್ಳಲಿ. ಅವುಗಳಲ್ಲಿ ತಮಗೆ ಒಪ್ಪಿಗೆಯಿಲ್ಲದ ಅಭಿಪ್ರಾಯದ ಒಂದೆರಡಾದರೂ ಇರಲಿ.

ಮುಂದಿನ ವದಂತಿ ಯಾವ ಊರಿನದೋ, ಯಾರ ಮನೆಯ ಬಾಗಿಲಿಗೆ ಬರುವುದೋ ಅಲ್ಲಾಹನೇ ಬಲ್ಲ. ಅಂದು ‘ಇದರ ಮೂಲ ಯಾವುದು?’ ಎಂದು ಕೇಳುವ ಒಬ್ಬನಾದರೂ ಆ ಗುಂಪಿನಲ್ಲಿದ್ದರೆ ಒಂದು ಜೀವ ಉಳಿದೀತು. ವಾರ್ತೆಯನ್ನು ಪರಿಶೀಲಿಸುವ ವಿವೇಕವನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ, ಆಮೀನ್.