ನೋವಿನ ಸಾಕ್ಷ್ಯ

ಹಿಂದೂಪುರದ ಮಾರುಕಟ್ಟೆಗೆ ರೇಷ್ಮೆಗೂಡಿನ ಚೀಲಗಳು ಬಂದಿಳಿಯುವ ಮೊದಲೇ ಊರಿನ ಮೈದಾನಗಳು ಎಚ್ಚೆತ್ತಿರುತ್ತವೆ. ಒಂದು ಮೂಲೆಯಲ್ಲಿ ಹುಡುಗರ ಕ್ರಿಕೆಟ್ಟು, ಅಂಚಿನುದ್ದಕ್ಕೂ ಸಕ್ಕರೆ ಕಾಯಿಲೆಗೆ ಹೆದರಿ ನಡೆಯುವವರ ಸಾಲು, ಮತ್ತೊಂದು ಮೂಲೆಯಲ್ಲಿ ಎರಡು ಕಂಬಗಳ ನಡುವೆ ಬಲೆ ಕಟ್ಟಿ ಹಳದಿ ಉಣ್ಣೆಯ ಚೆಂಡನ್ನು ಬಡಿಯುವ ಹತ್ತು ಜನ. ಆ ಹತ್ತು ಜನರಲ್ಲಿ ಒಬ್ಬರ ತಲೆ ಪೂರ್ತಿ ಬೆಳ್ಳಗಾಗಿದೆ. ಅವರು ಗಡಿಭಾಗದ ಕನ್ನಡ ಶಾಲೆಯೊಂದರ ಮೇಷ್ಟ್ರು, ವಯಸ್ಸು 58. ಸರ್ಕಾರದ ಲೆಕ್ಕದಲ್ಲಿ ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿದೆ. ಆಟದಿಂದ ನಿವೃತ್ತಿ ಯಾವಾಗ ಎಂದು ಮಾತ್ರ ಮನೆಯವರೂ ಮೊಣಕಾಲೂ ಒಟ್ಟಿಗೇ ಕೇಳತೊಡಗಿ ಕೆಲವು ವರ್ಷಗಳಾಗಿವೆ.

ಅವರು ಆಡುವುದು ಬಾಲ್ ಬ್ಯಾಡ್ಮಿಂಟನ್. ತಂಜಾವೂರಿನ ರಾಜಮನೆತನದ ಅಂಗಳದಲ್ಲಿ 19ನೆಯ ಶತಮಾನದಲ್ಲಿ ಹುಟ್ಟಿ, ದಕ್ಷಿಣದ ಹಳ್ಳಿಹಳ್ಳಿಗೂ ಹಬ್ಬಿದ ಆಟವಿದು. ಅಂಕಣ 24 ಮೀಟರ್ ಉದ್ದ, 12 ಮೀಟರ್ ಅಗಲ. ಒಂದೊಂದು ಬದಿಗೆ ಐವರು. 35 ಅಂಕಗಳಿಗೆ ಒಂದು ಆಟ. ಮೂರರಲ್ಲಿ ಎರಡನ್ನು ಗೆದ್ದವರಿಗೆ ಪಂದ್ಯ. ಚೆಂಡಿನ ತೂಕ 30 ಗ್ರಾಂ ಮೀರುವುದಿಲ್ಲ. ಚೆಂಡು ಹಗುರ, ಆದರೆ ನೆಲ ಗಟ್ಟಿ. ಚೆಂಡು ಆ ನೆಲವನ್ನು ಮುಟ್ಟದಂತೆ ನೋಡಿಕೊಳ್ಳಬೇಕಾದ್ದರಿಂದ ಹಿಂದಿನ ಸಾಲಿನವರು ಹಿಮ್ಮುಖವಾಗಿ ಓಡಿ, ಎಗರಿ, ತಲೆಯ ಮೇಲಿಂದ ಬಡಿದು, ಒಂದೇ ಕಾಲಿನ ಮೇಲೆ ಇಳಿಯಬೇಕಾಗುತ್ತದೆ. ಮೂವತ್ತು ವರ್ಷಗಳಿಂದ ಮೇಷ್ಟ್ರ ಸ್ಥಾನ ಹಿಂದಿನ ಎಡಮೂಲೆ. ಆ ಮೂಲೆಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವ ಯೋಚನೆಯೇ ಅವರಿಗೆ ಬಂದಿರಲಿಲ್ಲ.

ಕಲ್ಯಾಣದುರ್ಗದ ಗೆಳೆಯರು ಒಂದು ಭಾನುವಾರ ಸ್ನೇಹಪಂದ್ಯಕ್ಕೆ ಕರೆದರು. ಹಿಂದೂಪುರದಿಂದ ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೋಗುವ ದಾರಿ ಆಂಧ್ರದಲ್ಲಿ ಹೊರಟು, ಕರ್ನಾಟಕವನ್ನು ಹಾದು, ಮತ್ತೆ ಆಂಧ್ರವನ್ನು ಸೇರುತ್ತದೆ. ಎರಡು ಗಂಟೆಗೂ ಮಿಕ್ಕಿದ ಪ್ರಯಾಣ. ಅದಕ್ಕೆ ಮೂರು ವಾರ ಮೊದಲಿನಿಂದಲೇ ಮೇಷ್ಟ್ರ ಎಡ ಮೀನಖಂಡದಲ್ಲಿ ಹಿಡಿತವಿತ್ತು. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹತ್ತು ಹೆಜ್ಜೆ ಕುಂಟುತ್ತಿದ್ದರು, ಆಮೇಲೆ ಸರಿಹೋಗುತ್ತಿತ್ತು. ಅದನ್ನು ಯಾರಿಗೂ ಹೇಳಲಿಲ್ಲ. ಶನಿವಾರ ರಾತ್ರಿ ಒಂದು ನೋವಿನ ಮಾತ್ರೆ, ಭಾನುವಾರ ಮುಂಜಾನೆ ಇನ್ನೊಂದು. ವಾಹನದಲ್ಲಿ ಕಾಲು ಮಡಿಸಿ ಕುಳಿತು ಬಂದವರು, ಇಳಿದೊಡನೆ ರ‍್ಯಾಕೆಟ್ ಹಿಡಿದು ನಿಂತರು. ಮೊದಲ ಆಟವನ್ನು ಗೆದ್ದದ್ದೂ ಆಯಿತು.

ಎರಡನೆಯ ಆಟದ ನಡುವೆ ಎಡಕ್ಕೆ ಬಂದ ಚೆಂಡೊಂದಕ್ಕೆ ಮೇಷ್ಟ್ರು ಎಗರಲು ಹೋದಾಗ ಹಿಂದಿನಿಂದ ಯಾರೋ ಕಾಲಿಗೆ ಒದ್ದಂತಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಒದ್ದದ್ದು ಅವರದೇ ಕಾಲು.

ವೈದ್ಯರು ಅವರನ್ನು ಬೋರಲು ಮಲಗಿಸಿ ಮೀನಖಂಡವನ್ನು ಮೆಲ್ಲಗೆ ಹಿಸುಕಿದರು. ಪಾದ ತಾನಾಗಿ ಕೆಳಮುಖವಾಗಿ ಬಾಗಿತು. ಹಾಗೆ ಬಾಗಿದರೆ ಹಿಮ್ಮಡಿಗೆ ಅಂಟಿದ ದಪ್ಪ ಸ್ನಾಯುರಜ್ಜು ಉಳಿದಿದೆ ಎಂದರ್ಥ. ಬಾಗದಿದ್ದರೆ ಅದು ಹರಿದಿರುವ ಸಂಭವ ಹೆಚ್ಚು. ಮೇಷ್ಟ್ರಿಗೆ ಹರಿದದ್ದು ಮಾಂಸದ ಕೆಲವು ಎಳೆಗಳು ಮಾತ್ರ.

“ಎಷ್ಟು ದಿನದಿಂದ ನೋವಿತ್ತು ಸಾರ್?”

“ಮೂರು ವಾರ.”

“ಹಾಗಾದರೆ ಈ ಹೊತ್ತು ಗೊತ್ತಾಗಲಿಲ್ಲವೇ?”

“ಮಾತ್ರೆ ತಗೊಂಡಿದ್ದೆ.”

ವೈದ್ಯರು ನಕ್ಕರು. “ಕಾವಲು ನಾಯಿಯ ಬಾಯಿ ಕಟ್ಟಿ ಮಲಗಿದಿರಿ. ಈಗ ಕಳ್ಳ ಬಂದ ಅಂತ ದೂರುತ್ತಿದ್ದೀರಿ.”

ಅದೇ ಆಸ್ಪತ್ರೆಯ ಬೆಂಚಿನ ಮೇಲೆ ಸೊಂಟ ಹಿಡಿದುಕೊಂಡು ಕೂತಿದ್ದ ಒಬ್ಬ ಹೆಂಗಸು ಮೇಷ್ಟ್ರ ಕಾಲಿನ ಪಟ್ಟಿಯನ್ನು ನೋಡಿ ಏನಾಯಿತೆಂದು ವಿಚಾರಿಸಿದಳು. ಕಡಲೆಕಾಯಿ ಹೊಲದ ಕೂಲಿಯವಳು. ಚೆಂಡಾಟದಲ್ಲಿ ಹೀಗಾಯಿತೆಂದಾಗ ಆಕೆ ಅಂದಳು: “ನೀವು ಆಡಿ ನೋವು ಮಾಡ್ಕೊಂಡ್ರಿ ಸ್ವಾಮಿ. ನಾವು ಆಡ್ದೇನೇ ಮಾಡ್ಕೊಂಡಿದ್ದೀವಿ.” ಆಕೆಯ ಸೆರಗಿನ ಗಂಟಿನಲ್ಲಿದ್ದುದೂ ಮೇಷ್ಟ್ರು ನುಂಗಿದಂಥ ಮಾತ್ರೆಯ ಪಟ್ಟಿಯೇ. ಆದರೆ ಒಂದು ವ್ಯತ್ಯಾಸವಿತ್ತು. ಆಕೆ ಮಾತ್ರೆ ನುಂಗದೆ ಹೊಲಕ್ಕೆ ಹೋಗದಿದ್ದರೆ ಆ ದಿನದ ಕೂಲಿ ಇಲ್ಲ. ಮೇಷ್ಟ್ರು ನುಂಗದೆ ಕುಳಿತಿದ್ದರೆ ಹೋಗುತ್ತಿದ್ದುದು ಒಂದು ಪಂದ್ಯ, ಅದೂ ಸ್ನೇಹಪಂದ್ಯ. ಆಯ್ಕೆ ಇದ್ದವರೇ ಅದನ್ನು ಬಳಸದೆ ಹೋದರು ಎಂಬುದು ಮರಳುವ ದಾರಿಯುದ್ದಕ್ಕೂ ಅವರನ್ನು ಮೀನಖಂಡದ ನೋವಿಗಿಂತ ಹೆಚ್ಚು ಚುಚ್ಚಿತು.

ವಯಸ್ಸು ದೇಹಕ್ಕೆ ಏನು ಮಾಡುತ್ತದೆ ಎಂಬುದು ಗುಟ್ಟೇನಲ್ಲ. 30 ದಾಟಿದ ಮೇಲೆ ಸ್ನಾಯುವಿನ ರಾಶಿ ಹತ್ತು ವರ್ಷಕ್ಕೆ ಸುಮಾರು ಶೇಕಡಾ 3ರಿಂದ 8ರಷ್ಟು ಕರಗುತ್ತದೆ. 60ರ ನಂತರ ಕರಗುವ ವೇಗ ಇನ್ನೂ ಹೆಚ್ಚು. ಸ್ನಾಯುರಜ್ಜುಗಳ ಎಳೆತ ಕಡಿಮೆಯಾಗುತ್ತದೆ, ಪೆಟ್ಟು ಮಾಗಲು ಹೆಚ್ಚು ದಿನ ಬೇಕಾಗುತ್ತದೆ. ಆದರೆ ಇದಕ್ಕೆ ಉತ್ತರ ಮೂಲೆಯಲ್ಲಿ ಕೂರುವುದಲ್ಲ. ಕೂತರೆ ಸ್ನಾಯು ಇನ್ನೂ ಬೇಗ ಕರಗುತ್ತದೆ. ಸವೆದ ಮೊಣಕಾಲಿಗೂ ಇಂದಿನ ವೈದ್ಯಶಾಸ್ತ್ರ ಮೊದಲು ಹೇಳುವುದು ವ್ಯಾಯಾಮವನ್ನೇ. ತೊಡೆಯ ಮುಂಭಾಗದ ಸ್ನಾಯು ಬಲವಾದಷ್ಟೂ ಮೊಣಕಾಲಿನ ಹೊರೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಸೂಚನೆಗಳಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಗತಿಯ ಚಟುವಟಿಕೆಯನ್ನೂ, ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಮಾಡಬೇಕು. ಆದ್ದರಿಂದ ಆಟ ಬಿಡಬೇಕೇ ಎಂಬುದಕ್ಕಿಂತ, ನೋವು ಹೇಳುವುದನ್ನು ಕೇಳಿಕೊಂಡು ಆಡುವುದು ಹೇಗೆ ಎಂಬುದೇ ಮುಖ್ಯವಾದ ಪ್ರಶ್ನೆ.

ನೋವು ಒಂದು ಸಾಕ್ಷಿ. ಅದು ಹೇಳಿದ್ದೆಲ್ಲವನ್ನೂ ನಂಬಬೇಕಾಗಿಲ್ಲ, ಆದರೆ ಅದರ ಬಾಯಿ ಮುಚ್ಚಿಸಿ ತೀರ್ಪು ಬರೆಯಬಾರದು. ಆಡಿದ ಮರುದಿನ ತೊಡೆ, ಭುಜ ಎರಡೂ ಬದಿಗೆ ಸಮವಾಗಿ ನೊಂದು, ಎರಡು ಮೂರು ದಿನಗಳಲ್ಲಿ ತಾನಾಗಿ ಇಳಿದರೆ ಅದು ದುಡಿದ ಮೈಯ ನೋವು, ಅಂಜಬೇಕಾಗಿಲ್ಲ. ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸಬಹುದಾದ ನೋವು, ದಿನದಿಂದ ದಿನಕ್ಕೆ ಏರುವ ನೋವು, ಮುಂಜಾನೆಯ ಮೊದಲ ಹೆಜ್ಜೆಯಲ್ಲೇ ಕುಂಟಿಸುವ ನೋವು ಬೇರೆ ಜಾತಿಯದು. ಆಟದ ಮರುಬೆಳಿಗ್ಗೆ ನೋವು ಆಟಕ್ಕೆ ಮೊದಲಿದ್ದುದಕ್ಕಿಂತ ಹೆಚ್ಚಾಗಿದ್ದರೆ ಹಿಂದಿನ ದಿನದ ಆಟ ಮಿತಿಮೀರಿತ್ತು ಎಂದು ತಿಳಿದು ಮುಂದಿನ ಸಲ ತಗ್ಗಿಸಬೇಕು.

ಸ್ನಾಯು ಹಿಡಿದಾಗ ಅಥವಾ ಕಾಲು ಉಳುಕಿದಾಗ ಈ ಸೀಮೆಯಲ್ಲಿ ಮೊದಲು ನೆನಪಾಗುವುದು ಬಿಸಿ ಎಣ್ಣೆ ಹಚ್ಚಿ ನೀವುವ ಕೈ. ಮೊದಲ ಎರಡು ದಿನ ಅದು ಬೇಡ. ಒಳಗೆ ಹರಿದು ರಕ್ತ ಒಸರುತ್ತಿರುವ ಜಾಗಕ್ಕೆ ಬಿಸಿ ಮತ್ತು ತಿಕ್ಕಾಟ ಊತವನ್ನೇ ಹೆಚ್ಚಿಸುತ್ತವೆ. ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಒಂದು ಸಲಕ್ಕೆ 15ರಿಂದ 20 ನಿಮಿಷ ಇಡುವುದು, ಬಿಗಿ ಹೆಚ್ಚಾಗದಂತೆ ಪಟ್ಟಿ ಕಟ್ಟುವುದು, ಕಾಲನ್ನು ದಿಂಬಿನ ಮೇಲೆ ಎತ್ತರಿಸಿ ಇಡುವುದು ಮೊದಲ ಉಪಚಾರ. ಮೂಳೆಯ ಪೆಟ್ಟಿಗೆ ಪುತ್ತೂರು ಕಟ್ಟಿನ ಹೆಸರು ಆಂಧ್ರದಲ್ಲೆಲ್ಲ ದೊಡ್ಡದು. ಯಾವ ಕಟ್ಟು ಹಾಕಿಸುವುದಿದ್ದರೂ ಮೊದಲು ಎಕ್ಸ್‌ರೇ ತೆಗೆಸಿ ಮೂಳೆಯ ಸ್ಥಿತಿಯನ್ನು ತಿಳಿಯುವುದು ಜಾಣತನ. ನೋವಿನ ಮಾತ್ರೆಗಳೂ ನಿರಪಾಯವಲ್ಲ. ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್‌ನಂಥವು ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲವು, ರಕ್ತದೊತ್ತಡ ಏರಿಸಬಲ್ಲವು. ಬಿಸಿಲಿನಲ್ಲಿ ಬೆವರಿ ನೀರು ಕಳೆದುಕೊಂಡ ಮೈಯಲ್ಲಿ ಮೂತ್ರಪಿಂಡಕ್ಕೂ ಪೆಟ್ಟು ಕೊಡಬಲ್ಲವು. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇರುವವರು ಅವನ್ನು ಅಂಗಡಿಯಲ್ಲಿ ತಾವೇ ಕೇಳಿ ಕೊಳ್ಳಬಾರದು.

ಇನ್ನು ಕೆಲವು ನೋವುಗಳನ್ನು ಒಂದು ಗಳಿಗೆಯೂ ಸಹಿಸಬಾರದು. ಓಡುವಾಗ ಎದೆ ಬಿಗಿಯುವುದು, ಎಡಭುಜ ಅಥವಾ ದವಡೆಗೆ ನೋವು ಹರಡುವುದು, ಜೊತೆಗೆ ತಣ್ಣನೆಯ ಬೆವರು ಬರುವುದು ಕಂಡರೆ ಅದು ಭುಜ ಉಳುಕಿದ್ದೆಂದು ಮುಲಾಮು ಹಚ್ಚುತ್ತಾ ಕೂರಬಾರದು. ಅದು ಹೃದಯದ ಕರೆಯಾಗಿರಬಹುದು, ಕೂಡಲೇ ಆಸ್ಪತ್ರೆ ಸೇರಬೇಕು. ಪೆಟ್ಟೇ ಇಲ್ಲದೆ ಒಂದೇ ಮೀನಖಂಡ ಊದಿ ಬಿಸಿಯಾದರೆ ರಕ್ತ ಹೆಪ್ಪುಗಟ್ಟಿರಬಹುದು. ಬಿದ್ದ ಮೇಲೆ ಕಾಲೂರಿ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಮೂಳೆ ಮುರಿದಿರಬಹುದು.

ದೊಡ್ಡ ಆಟಗಾರರೂ ಈ ಪಾಠವನ್ನು ಸುಲಭವಾಗಿ ಕಲಿತವರಲ್ಲ. ಕೊಡಗಿನ ರೋಹನ್ ಬೋಪಣ್ಣ ಅವರ ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿತ್ತು. ದಿನಕ್ಕೆ ಹಲವು ನೋವಿನ ಮಾತ್ರೆ ನುಂಗಿ ಆಡಿದ ಕಾಲವನ್ನು ಅವರೇ ಹೇಳಿಕೊಂಡಿದ್ದಾರೆ. ಕೊರೋನಾ ಕಾಲದಲ್ಲಿ ಅವರು ಅಯ್ಯಂಗಾರ್ ಪದ್ಧತಿಯ ಯೋಗಕ್ಕೆ ತಿರುಗಿ, ಕಾಲಿನ ಸ್ನಾಯುಗಳನ್ನು ಬಲಪಡಿಸಿಕೊಂಡರು. 2024ರ ಜನವರಿಯಲ್ಲಿ, 43ನೆಯ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದು, ಡಬಲ್ಸ್ ಆಟಗಾರರಲ್ಲಿ ವಿಶ್ವದ ಮೊದಲ ಸ್ಥಾನಕ್ಕೇರಿದರು. 2025ರ ನವೆಂಬರಿನಲ್ಲಿ ಆಟಕ್ಕೆ ವಿದಾಯ ಹೇಳಿದಾಗ ಅವರಿಗೆ 45. ಗಮನಿಸಬೇಕಾದ ಸಂಗತಿಯೆಂದರೆ, ಅವರು ಆಗ ಆಡುತ್ತಿದ್ದುದು ಡಬಲ್ಸ್. ಅಂಕಣದ ಅರ್ಧವನ್ನು ಜೊತೆಗಾರನಿಗೆ ಒಪ್ಪಿಸಿದ್ದರಿಂದಲೇ ಉಳಿದರ್ಧವನ್ನು ಅಷ್ಟು ವರ್ಷ ಕಾಯಲು ಸಾಧ್ಯವಾಯಿತು.

ಆ ಯೋಗಪದ್ಧತಿಯನ್ನು ರೂಪಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಹುಟ್ಟಿದ್ದು 1918ರಲ್ಲಿ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ. ಬಾಲ್ಯದಲ್ಲಿ ಮಲೇರಿಯಾ, ಕ್ಷಯ, ಟೈಫಾಯ್ಡ್‌ಗಳಿಂದ ಬಸವಳಿದ ಮೈ ಅದು. ಮೈಸೂರಿನಲ್ಲಿ ತಿರುಮಲೈ ಕೃಷ್ಣಮಾಚಾರ್ಯರಲ್ಲಿ ಕಲಿತು, ಪುಣೆಯಲ್ಲಿ ನೆಲೆಸಿ ಜಗತ್ತಿಗೆ ಕಲಿಸಿದರು. 1979ರಲ್ಲಿ, 60 ದಾಟಿದ ಮೇಲೆ, ಸ್ಕೂಟರ್ ಅಪಘಾತದಲ್ಲಿ ಬೆನ್ನಿಗೂ ಭುಜಕ್ಕೂ ಪೆಟ್ಟಾಯಿತು. ಸಲೀಸಾಗಿದ್ದ ಆಸನಗಳನ್ನು ಮೊದಲಿನಿಂದ ಕಲಿಯುವವರಂತೆ ಮತ್ತೆ ಅಭ್ಯಾಸ ಮಾಡಿದರು. ಹಗ್ಗ, ಮರದ ತುಂಡು, ಪಟ್ಟಿ, ಕುರ್ಚಿಗಳ ಆಸರೆಯಲ್ಲಿ ಆಸನ ಮಾಡಿಸುವುದು ಅವರ ಪದ್ಧತಿಯ ಗುರುತು. 2014ರಲ್ಲಿ, 95ನೆಯ ವಯಸ್ಸಿನಲ್ಲಿ ತೀರಿಕೊಂಡ ಆ ಗುರುಗಳಿಗೆ ಕುರ್ಚಿ ಹಿಡಿಯುವುದು ಅವಮಾನವೆನಿಸಲಿಲ್ಲ. ಯುರೋಪಿನ ಹಿಮದ ಇಳಿಜಾರುಗಳಲ್ಲಿ ಸ್ಕೀ ಕಟ್ಟಿ ಜಾರುವ ಮುದುಕರಿಗೂ ಹಿಂದೂಪುರದ ಮಣ್ಣಿನಲ್ಲಿ ಎಗರುವ ಮೇಷ್ಟ್ರಿಗೂ ಮೊದಲು ಪೆಟ್ಟು ತಿನ್ನುವುದು ಕಾಲು, ಕೊನೆಗೆ ಮಾಗುವುದು ಅಭಿಮಾನ.

ಮೇಷ್ಟ್ರಿಗೆ ಆರು ವಾರ ಜಿಗಿತ ನಿಷೇಧವಾಯಿತು. ಮೊದಲ ವಾರ ಸುಮ್ಮನಿದ್ದರು. ಆಮೇಲೆ ಅಡುಗೆಮನೆಯ ಗೋಡೆಗೆ ಕೈಯೂರಿ ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ ಮೊದಲಾಯಿತು. ಹತ್ತು ಸಲ, ಹದಿನೈದು ಸಲ, ಮುಂದೆ ಒಂದೇ ಕಾಲಿನ ಮೇಲೆ. “ಇಷ್ಟು ವರ್ಷ ಈ ಗೋಡೆ ಇತ್ತಲ್ಲಾ ರೀ, ಆಗ ಕಾಣಿಸ್ಲಿಲ್ವಾ?” ಎಂದು ಮನೆಯಾಕೆ ಕೇಳಿದ್ದಕ್ಕೆ ಅವರು ಉತ್ತರ ಕೊಡಲಿಲ್ಲ. ಆದರೆ ಗೋಡೆ ಬಿಡಲೂ ಇಲ್ಲ. ವಾರಕ್ಕೆ ಆರು ದಿನ ಆಡುತ್ತಿದ್ದವರು ಮೂರಕ್ಕೆ ಇಳಿಸಿದರು. ರ‍್ಯಾಕೆಟ್ ಮುಟ್ಟುವ ಮೊದಲು ಹತ್ತು ನಿಮಿಷ ನಡೆದು, ಮೈ ಬಿಸಿ ಮಾಡಿಕೊಳ್ಳುವುದು ರೂಢಿಯಾಯಿತು.

ಕಷ್ಟವಾದದ್ದು ಇವಾವುವೂ ಅಲ್ಲ. ತಂಡದ ನಾಯಕ ಅವರದೇ ಹಳೆಯ ಶಿಷ್ಯ. ಒಂದು ಮುಂಜಾನೆ ಅವನ ಬಳಿ ಹೋಗಿ, “ಇನ್ನು ಹಿಂದಿನ ಮೂಲೆ ನನಗೆ ಬೇಡಪ್ಪ. ಬಲೆ ಹತ್ತಿರ ನಿಲ್ಲಿಸು” ಎಂದು ಹೇಳಲು ಅವರಿಗೆ ಎರಡು ವಾರ ಹಿಡಿಯಿತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಎರಡು ವರ್ಷದಿಂದ ನಾನೇ ಹೇಳಬೇಕು ಅಂತಿದ್ದೆ ಮೇಷ್ಟ್ರೇ. ಬಾಯಿ ಬರಲಿಲ್ಲ” ಎಂದ.

ಕೆಲವು ತಿಂಗಳ ಮೇಲೆ ಕಲ್ಯಾಣದುರ್ಗದಿಂದ ಮತ್ತೆ ಕರೆ ಬಂತು. ಮೇಷ್ಟ್ರು ಪಾವಗಡದಲ್ಲಿ ಇಳಿದು ಕಾಲಾಡಿಸಿ ಬಂದರು. ಮಾತ್ರೆ ನುಂಗಿರಲಿಲ್ಲ. ಮೊದಲ ಆಟವನ್ನು ಬಲೆಯ ಹತ್ತಿರ ನಿಂತು ಆಡಿದರು. ಎರಡನೆಯ ಆಟದ ನಡುವೆ ಮೀನಖಂಡದಲ್ಲಿ ಸಣ್ಣ ಹಿಡಿತ ಕಾಣಿಸಿಕೊಂಡಿತು. ಅವರು ತಾವೇ ಕೈಯೆತ್ತಿ, ಹೊರಗಿದ್ದ ಹುಡುಗನನ್ನು ಒಳಗೆ ಕರೆದು, ಅಂಕಣದ ಗೆರೆಯಾಚೆ ಬಂದು ಕುಳಿತರು. ಪಂದ್ಯ ಕಲ್ಯಾಣದುರ್ಗದವರ ಪಾಲಾಯಿತು. ಮರುದಿನ ಬೆಳಿಗ್ಗೆ ಮೇಷ್ಟ್ರು ಹಾಸಿಗೆಯಿಂದಿಳಿದು ಕುಂಟದೆ ನಡೆದು ಶಾಲೆಗೆ ಹೋದರು. ಬುಧವಾರ ಮತ್ತೆ ಮೈದಾನದಲ್ಲಿದ್ದರು.